ಅತ್ತೆಯ ನಾಲಿಗೆ ಮತ್ತು ಬಿಳಿ ಪುಡಿ

ಅತ್ತೆ ಸೊಸೆಗೆ ವಿಷ ಹಾಕಿದ ಕತೆ ನೀವು ಕೇಳಿರುತ್ತೀರಿ. ಸೊಸೆ ಅತ್ತೆಗೆ ಹಾಕಿದ್ದನ್ನೂ ಕೇಳಿರುತ್ತೀರಿ. ಅದೆಲ್ಲ ಕದ್ದುಮುಚ್ಚಿ ನಡೆಯುವ ವ್ಯವಹಾರ. ನಮ್ಮತ್ತೆಯದು ಹಾಗಲ್ಲ! ಮನೆಗೆ ಬಂದ ಅತಿಥಿಯನ್ನು ಹಾಡಹಗಲಲ್ಲಿ ಮಣೆ ಹಾಕಿ ಕೂರಿಸಿ, ಬಾಳೆಲೆಯ ತುದಿಯಲ್ಲಿ ಉಪ್ಪು ಬಡಿಸುವ ಜಾಗಕ್ಕೆ ಒಂದು ಚಮಚ ವಿಷ ಬಡಿಸಿ, "ಸಂಕೋಚ ಬ್ಯಾಡ, ಬೇಕಾರೆ ಇನ್ನೊಂಚೂರ್ ಹಾಕ್ತೆ" ಎಂದು ಉಪಚಾರ ಮಾಡಿದವರು! ತಡೆಯಿರಿ, ಪೊಲೀಸರನ್ನು ಕರೆಯುವ ಮೊದಲು ಪೂರ್ತಿ ಕೇಳಿ. ಆ ಅತಿಥಿ ತಮ್ಮ ಕಾಲ ಮೇಲೆಯೇ ಊರಿಗೆ ವಾಪಸಾದರು.

ಮದುವೆಯಾಗಿ ಆ ಮನೆಗೆ ಬಂದ ಮೇಲೆ ಮೊದಲ ಒಂದೆರಡು ವರ್ಷವನ್ನು ನಾನು ಬಾಯಿ ತೆರೆದುಕೊಂಡೇ ಕಳೆದೆ. ಬೆರಗಿನಿಂದಲ್ಲ, ಗಾಬರಿಯಿಂದ! ಬೇರೆ ಮನೆಯಾಗಿದ್ದರೆ ತೆರೆದ ಬಾಯೊಳಗೆ ನೊಣ ಹೋಗುತ್ತಿತ್ತು. ನಮ್ಮಲ್ಲಿ ಆ ಭಯವಿರಲಿಲ್ಲ. ನೊಣಗಳೆಲ್ಲ ಸತ್ತುಹೋಗಿದ್ದವು. ಅವು ಹೇಗೆ ಸತ್ತವು, ಆಮೇಲೆ ಹೇಗೆ ಮತ್ತೆ ಬದುಕಿಕೊಂಡವು ಎಂಬುದೇ ನಾನು ಹೇಳಹೊರಟ ಕತೆ.

ಇದು ಅರವತ್ತರ ದಶಕದ ಮಾತು. ಗಂಡನ ಮನೆ ಕುಂದಾಪುರದ ಕೋಡಿ. ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಹೊಳೆ. ಮಾವ ನಾನು ಬರುವ ಮೊದಲೇ ತೀರಿಹೋಗಿದ್ದರು. ನನ್ನ ಗಂಡ ದೋಣಿಯ ಮೇಲೆ ಹೋದರೆ ಹೋದರು, ಮನೆಯಲ್ಲಿದ್ದರೂ ಇಲ್ಲದ ಹಾಗೆಯೇ ಇರುವ ಮನುಷ್ಯ. ಮಾತೆಲ್ಲ ಅತ್ತೆಯದು, ಕಾರುಬಾರೂ ಅತ್ತೆಯದು. ಹೊಳೆಬದಿಯಲ್ಲಿ ಅವರದೊಂದು ಬಂಡಸಾಲೆ ಇತ್ತು. ಮೀನನ್ನು ಉಪ್ಪಿನಲ್ಲಿ ನೆನೆಸಿ, ಮರಳ ಮೇಲೆ ಒಣಗಿಸಿ, ಮೂಟೆ ಕಟ್ಟಿ ಪೇರಿಸಿಡುವ ದೊಡ್ಡ ಹುಲ್ಲುಮಾಡಿನ ಕೊಟ್ಟಿಗೆ ಅದು. ಕೇರಿಯ ಕೆಲವು ಹೆಂಗಸರು ಅಲ್ಲಿ ದುಡಿಯುತ್ತಿದ್ದರು. ಅವರಿಗೆಲ್ಲ ಹಿರಿಯಳು ಪದ್ದಕ್ಕ. ಒಣಗಿದ ಬಂಗುಡೆ, ಸಿಗಡಿಗಳೆಲ್ಲ ಲಾರಿ ಹತ್ತಿ ಘಟ್ಟದ ಮೇಲೆ ಹೋಗುತ್ತಿದ್ದವು.

ಈಗ ಅತ್ತೆಯ ನಾಲಿಗೆಯ ವಿಷಯ. ಮಾತಿನ ನಾಲಿಗೆಯಲ್ಲ, ನಿಜವಾದ ನಾಲಿಗೆ! ಜಗತ್ತಿನ ಯಾವ ವಸ್ತುವನ್ನೇ ಆಗಲಿ, ಅತ್ತೆ ಕಣ್ಣಿನಿಂದ ನೋಡಿ ನಂಬುತ್ತಿರಲಿಲ್ಲ. ನಾಲಿಗೆಗೆ ಮುಟ್ಟಿಸಿಯೇ ನೋಡಬೇಕು. ದೋಣಿಗೆ ಬಳಿಯುವ ಮೀನೆಣ್ಣೆ, ಅಂಗಡಿಯವನು ಕಟ್ಟಿಕೊಟ್ಟ ಬಟ್ಟೆಸೋಡ, ಹೊಸ ಮಡಕೆಯ ಅಂಚು, ಎಲ್ಲದಕ್ಕೂ ಒಂದೇ ಪರೀಕ್ಷೆ. ನಾನು ಮದುಮಗಳಾಗಿ ತೆಕ್ಕಟ್ಟೆಯಿಂದ ಬಂದ ಮರುದಿನ ನನ್ನ ಪೆಟ್ಟಿಗೆ ಬಿಚ್ಚಿಸಿದರು. ಬೊಂಬಾಯಿಯ ಹೋಟೆಲಿನಲ್ಲಿ ದುಡಿಯುತ್ತಿದ್ದ ಅಪ್ಪ ನನಗೆಂದು ಪ್ರೀತಿಯಿಂದ ಕಳಿಸಿದ ವಾಸನೆ ಸಾಬೂನು ಅದರಲ್ಲಿತ್ತು. ಅತ್ತೆ ಅದನ್ನು ಎತ್ತಿಕೊಂಡರು, ಮೂಸಿದರು, ನಾನು ನೋಡುತ್ತಿದ್ದ ಹಾಗೆಯೇ ನೆಕ್ಕಿದರು!

"ಹೆಣ್ಣೇ, ಇದ್ ಮೈಗ್ ಹಾಕುಕಾತ್ತ್," ಎಂದು ತೀರ್ಪು ಕೊಟ್ಟರು. "ತಿಂಬುಕೆ ಅಷ್ಟ್ ಲಾಯ್ಕಿಲ್ಲ."

ತಿನ್ನಲು ಎಂದು ಯಾರು ತಂದಿದ್ದರು? ನಾನು ಬೆಚ್ಚಿಬಿದ್ದು ಗಂಡನ ಮುಖ ನೋಡಿದೆ. ಅವರು ಬಲೆಯ ಗಂಟು ಬಿಡಿಸುತ್ತಾ, "ಅಬ್ಬಿ ಹಾಂಗೇ" ಎಂದರು. ನಮ್ಮ ಕಡೆ ಅಬ್ಬಿ ಎಂದರೆ ಅಮ್ಮ. ಆ ಎರಡು ಮಾತೇ ನನಗೆ ಆ ಮನೆಯ ಬಗ್ಗೆ ಸಿಕ್ಕಿದ ಪೂರ್ತಿ ತರಬೇತಿ.

ಅಂಥ ಮನೆಗೆ ಬಿಳಿ ಪುಡಿ ಬಂತು. ಮೊದಲು ಮಲೇರಿಯಾದವರು ಪಂಪು ಹೊತ್ತು ಬಂದು ಊರಿನ ಗೋಡೆಗಳಿಗೆಲ್ಲ ಡಿಡಿಟಿ ಹೊಡೆದುಹೋದರು. ಸೊಳ್ಳೆ ಕಡಿಮೆಯಾದವು, ಜನಕ್ಕೆ ಪುಡಿಯ ಮೇಲೆ ಪ್ರೀತಿ ಹುಟ್ಟಿತು. ಎಂಥ ಪ್ರೀತಿ ಅಂತೀರಿ! ಹಾಸಿಗೆ ಕೆಳಗೆ ಪುಡಿ, ಬೀಜದ ಭತ್ತಕ್ಕೆ ಪುಡಿ, ತಿಗಣೆಗೆ ಪುಡಿ. ಪಕ್ಕದ ಮನೆಯವಳು ಹೇನು ಸಾಯಲೆಂದು ಹೆಣ್ಣುಮಕ್ಕಳ ತಲೆಗೆ ಪುಡಿ ಹಾಕಿ, ಬಿಗಿಯಾಗಿ ಜಡೆ ಹೆಣೆದು, ಅದರ ಮೇಲೆ ಅಬ್ಬಲಿಗೆ ಮುಡಿಸಿ ಶಾಲೆಗೆ ಕಳಿಸುತ್ತಿದ್ದಳು! ಈಗ ನೆನೆದರೆ ಎದೆ ಧಸಕ್ಕೆನ್ನುತ್ತದೆ. ಆಗ ನಾನೂ ಒಂದು ಚಿಟಿಕೆ ಕೇಳಿ ತಂದವಳೇ.

ನಮ್ಮ ಬಂಡಸಾಲೆಗೆ ಪುಡಿಯನ್ನು ಮೂಟೆಗಟ್ಟಲೆ ಕಳಿಸಿದವರು ಘಟ್ಟದ ಸಾಹುಕಾರರು. ನಮ್ಮ ಒಣಮೀನಿನ ಬಹುಪಾಲು ಕೊಳ್ಳುತ್ತಿದ್ದವರು ಅವರೇ. ಮೀನಿಗೆ ನೊಣ ಕೂತು ಹುಳ ಬೀಳಬಾರದು, ಮಳೆಗಾಲದಲ್ಲಿ ಮೂಟೆಗೆ ಕೀಟ ಹತ್ತಬಾರದು, ಅದಕ್ಕೆ ಪದರ ಪದರಕ್ಕೂ ಪುಡಿ ಎರಚಿ ಎಂದು ಹೇಳಿಕಳಿಸಿದ್ದರು. ಎಲ್ಲ ಕಡೆಯೂ ಹಾಗೇ ಮಾಡುತ್ತಿದ್ದಾರಂತೆ! ಪದ್ದಕ್ಕ ಮತ್ತು ಜೊತೆಯವರು ಬುಟ್ಟಿಯಲ್ಲಿ ಪುಡಿ ತುಂಬಿಕೊಂಡು, ಬರಿಗೈಯಲ್ಲಿ, ಹೊಲಕ್ಕೆ ಬೀಜ ಬಿತ್ತುವ ಹಾಗೆ ಮೀನಿನ ಮೇಲೆ ಬಿತ್ತುತ್ತಿದ್ದರು. ಸಂಜೆ ಮನೆಗೆ ಹೋಗುವಾಗ ಎಲ್ಲರ ಹುಬ್ಬೂ ನರೆತಿರುತ್ತಿತ್ತು.

ಅತ್ತೆ ಪುಡಿಯನ್ನು ನೆಕ್ಕದೆ ಬಿಟ್ಟಾರೆಯೇ? ಮೊದಲ ಮೂಟೆ ಬಿಚ್ಚಿದ ದಿನವೇ ನೆಕ್ಕಿದರು. ಬಹಳ ಹೊತ್ತು ಕಣ್ಣು ಮುಚ್ಚಿ ಯೋಚಿಸಿದರು. ಮುಖ ಗಂಟಿಕ್ಕಿತು.

"ಎಂತ ಆಯ್ತ್ ಅತ್ತೆ?" ಎಂದೆ ನಾನು.

"ಎಂತದೂ ಇಲ್ಲ ಹೆಣ್ಣೇ, ಅದೇ ಹೆದ್ರಿಕಿ! ಕಹಿಯೂ ಅಲ್ಲ, ಖಾರವೂ ಅಲ್ಲ, ಉಪ್ಪೂ ಅಲ್ಲ. ರುಚಿಯೇ ಇಲ್ಲದ್ ವಸ್ತುನ್ನ ನಾನ್ ನಂಬುದಿಲ್ಲ. ಮನ್ಸಂಗೆ ಎಂತ ಇತ್ತ್ ಅಂದೇಳಿ ಮುಖದ್ ಮೇಲೆ ಕಾಂಬುಕಿಲ್ಲದ್ ಜನ್ರ ಕಂಡಂಗೆ ಆತ್ತ್."

ಹಾಗೆ ಹೇಳುತ್ತಾ ನನ್ನ ಗಂಡನ ಕಡೆಗೇ ನೋಡಿದರು, ಪಾಪ.

ನಂಬದಿದ್ದರೂ ಕೆಲವು ಕಾಲ ಪುಡಿ ನಡೆಯಿತು. ನೊಣಗಳು ಪಟಪಟನೆ ಉದುರಿದವು. ಎಲ್ಲರಿಗೂ ಸಂಭ್ರಮ. ಉದುರಿದ ನೊಣಗಳನ್ನು ಹಲ್ಲಿಗಳು ತಿಂದವು, ಹಲ್ಲಿಗಳು ಉದುರಿದವು. ಹಲ್ಲಿಗಳನ್ನು ಬೆಕ್ಕು ತಿಂದಿತು, ಬೆಕ್ಕು ಮೂಲೆ ಸೇರಿ ನಡುಗಿ ನಡುಗಿ ಸತ್ತಿತು. ಅಂಗಳದಲ್ಲಿ ಕೆದಕಿಕೊಂಡು ತಿರುಗುತ್ತಿದ್ದ ಕೋಳಿಗಳೂ ಒಂದರ ಹಿಂದೆ ಒಂದು ಹೋದವು. ಅತ್ತೆ ಅಂಗಳದ ನಡುವೆ ಸೊಂಟಕ್ಕೆ ಕೈಯಿಟ್ಟು ನಿಂತು ಲೆಕ್ಕ ಹಾಕತೊಡಗಿದರು.

"ನೊಣ ತಿಂದ್ ಹಲ್ಲಿ ಹೋಯ್ತ್. ಹಲ್ಲಿ ತಿಂದ್ ಬೆಕ್ ಹೋಯ್ತ್. ಹ್ವಾಯ್ ಪದ್ದಕ್ಕ, ಮೀನ್ ತಿಂಬುದ್ ಯಾರ್?"

"ಘಟ್ಟದರ್ ತಿಂತ್ರ್," ಎಂದಳು ಪದ್ದಕ್ಕ. ಆಗ ಅವಳು ಬಂಡಸಾಲೆಯ ಮೆಟ್ಟಿಲ ಮೇಲೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಳು. ಒಂದು ಕೈಯಲ್ಲಿ ವೀಳ್ಯದೆಲೆ, ಎರಡೂ ಕೈಗೆ ಮೊಣಕೈವರೆಗೂ ಪುಡಿ. ಸುಣ್ಣ ಹಚ್ಚಿದ ಬೆರಳು ಯಾವುದು, ಪುಡಿ ಮೆತ್ತಿದ ಬೆರಳು ಯಾವುದು ಎಂದು ಬ್ರಹ್ಮನಿಗೂ ತಿಳಿಯುವಂತಿರಲಿಲ್ಲ. ಕಣ್ಣುಗಳು ಕೆಂಪಗೆ ಉರಿಯುತ್ತಿದ್ದವು. ಕೆಲವು ದಿನಗಳಿಂದ ತಲೆ ತಿರುಗುತ್ತದೆ ಎಂದು ಬೇರೆ ಹೇಳುತ್ತಿದ್ದಳು.

"ಪದ್ದಕ್ಕ, ಅದ್ ಸುಣ್ಣವಾ ಪುಡಿಯಾ?" ಎಂದು ಅತ್ತೆ ಕಿರುಚಿದರು.

"ಎರಡೂ ಬಿಳಿಯೇ ಅಲ್ದಾ? ಬಾಯಂಗೆ ಹೋರ್ ಮೇಲೆ ಎಲ್ಲ ಕೆಂಪೇ ಆತ್ತ್," ಎಂದಳು ಆಕೆ ನೆಮ್ಮದಿಯಿಂದ.

ಅತ್ತೆ ಹಾರಿಬಿದ್ದು ಆ ಎಲೆಯನ್ನು ಕಿತ್ತು ಎಸೆದರು. ಪದ್ದಕ್ಕನನ್ನು ರಟ್ಟೆ ಹಿಡಿದು ಹೊಳೆಗೆ ಇಳಿಸಿ, ಸೀರೆಸಮೇತ ಮುಳುಗಿಸಿ, ತೆಂಗಿನ ನಾರಿನಿಂದ ಉಜ್ಜಿದರು! ದಡದಲ್ಲಿದ್ದವರು ಜಗಳವೆಂದು ತಿಳಿದು ಬಿಡಿಸಲು ಓಡಿಬಂದರು. ಬಿಡಿಸಲು ಬಂದವರ ಕೈಯಲ್ಲೂ ಪುಡಿ ಕಂಡು ಅವರನ್ನೂ ಮುಳುಗಿಸಿದರು. ಆ ದಿನದಿಂದ ಬಂಡಸಾಲೆಯಲ್ಲಿ ಪುಡಿ ಬಂದ್. ನೊಣಗಳು ಮೆಲ್ಲಗೆ ವಾಪಸಾದವು.

ಸಾಹುಕಾರರು ಲಾರಿಯೊಡನೆ ಬಂದದ್ದು ಅದಾದ ಮೇಲೆ. ಪುಡಿಯ ಮೂಟೆಗಳು ಬಾಯಿ ಹೊಲಿದ ಹಾಗೆಯೇ ಬಿದ್ದಿರುವುದನ್ನು ಕಂಡು ಕೆಂಡವಾದರು. ಅತ್ತೆ ಅವರನ್ನು ಊಟಕ್ಕೆ ಕರೆದರು. ಆಮೇಲೆ ನಡೆದದ್ದೇ ನಾನು ಮೊದಲು ಹೇಳಿದ ಬಾಳೆಲೆಯ ಪ್ರಸಂಗ. ನಾನು ಅನ್ನದ ಪಾತ್ರೆ ಹಿಡಿದು ಬಾಗಿಲಲ್ಲಿ ಕಲ್ಲಾಗಿ ನಿಂತಿದ್ದೆ.

"ಏನಮ್ಮ, ಉಪ್ಪು ಇಷ್ಟು ನುಣ್ಣಗಿದೆ?" ಎಂದರು ಸಾಹುಕಾರರು, ಚಿಟಿಕೆ ತೆಗೆಯಲು ಬೆರಳು ಚಾಚಿ.

"ಉಪ್ಪಲ್ಲ, ನೀವೇ ಕಳ್ಸದ್ ಪುಡಿ. ಮೀನಿಗೆ ಹಾಕಿ ಹಾಕಿ ಅಂದ್ರಿ ಅಲ್ದಾ? ಮೀನ್ ಹ್ಯಾಂಗೂ ಹೊಟ್ಟಿಗೇ ಹೋಪುದ್. ನಡುವೆ ಮೀನಿನ್ ಖರ್ಚ್ ಎಂತಕೆ ಅಂದೇಳಿ ಸೀದಾ ಬಡ್ಸಿದೆ."

ಸಾಹುಕಾರರು ಮಣೆಯಿಂದ ಎದ್ದ ವೇಗಕ್ಕೆ ಮಣೆ ಗೋಡೆಗೆ ಹೋಗಿ ಬಡಿಯಿತು. "ಇದು ವಿಷ ಕಣಮ್ಮ!" ಎಂದು ಕೂಗಿದರು.

"ಹಾಂಗಾರೆ ನಂಗೂ ನಿಮ್ಗೂ ಒಂದೇ ಅಭಿಪ್ರಾಯ ಆಯ್ತ್," ಎಂದರು ಅತ್ತೆ. "ಈಗ ಕೂಕಣಿ, ಬೇರೆ ಎಲಿ ಹಾಕ್ತೆ."

ಅವರು ಕೂರಲಿಲ್ಲ. ಅಂಗಳದಲ್ಲಿ ನಿಂತೇ ತಮ್ಮ ಮಾತು ಹೇಳಿದರು. ಬರುವ ಬೇಸಿಗೆಯ ಮೀನನ್ನು ಪುಡಿಯಿಲ್ಲದೆ ಮೂಟೆ ಕಟ್ಟಿ ಮಳೆಗಾಲ ದಾಟಿಸಬೇಕು. ಮಳೆ ಬಿಟ್ಟ ಮೇಲೆ ತಾವೇ ಬಂದು ಬಿಚ್ಚಿ ನೋಡುತ್ತಾರೆ. ಒಂದು ಹುಳ ಕಂಡರೂ ಸಾಕು, ಇನ್ನು ಜನ್ಮದಲ್ಲಿ ಅವರ ಲಾರಿ ಕೋಡಿಗೆ ಬರುವುದಿಲ್ಲ. ಲಾರಿ ಬಾರದಿದ್ದರೆ ಬಂಡಸಾಲೆಗೆ ಬೀಗ. ಬೀಗ ಬಿದ್ದರೆ ಪದ್ದಕ್ಕ ಮತ್ತು ಅವಳ ಜೊತೆಯವರ ಒಲೆ ಉರಿಯುವುದಿಲ್ಲ. ನಮ್ಮದೂ ಅಷ್ಟೇ, ನನ್ನ ಗಂಡನ ಒಂದು ದೋಣಿಯಿಂದ ಮನೆ ನಡೆಯುವಂತಿರಲಿಲ್ಲ. ನನ್ನ ಗಂಡನಿಗೇ ಮಾತು ಬಂತು ಎಂದರೆ ನೋಡಿ!

"ಅಬ್ಬಿ, ಬಂಡಸಾಲಿ ಮುಚ್ರೆ ನಾವ್ ಎಂತ ತಿಂಬುದ್?"

"ಆ ಪುಡಿ ಒಂದ್ ಬಿಟ್ಟ್ ಬಾಕಿ ಎಂತಾರೂ ತಿಂಬ," ಎಂದರು ಅತ್ತೆ.

ಪುಡಿ ಬೇಡ ಎನ್ನುವುದು ಸುಲಭ. ಅದರ ಜಾಗಕ್ಕೆ ಏನು? ಇಲ್ಲಿಂದ ಶುರುವಾಯಿತು ನೋಡಿ, ಅತ್ತೆಯ ಸಂಶೋಧನೆ! ನಿಯಮ ಒಂದೇ: ಬಂಡಸಾಲೆಯೊಳಗೆ ಬರುವ ಯಾವ ಹೊಸ ವಸ್ತುವಾದರೂ ಮೊದಲು ಅತ್ತೆಯ ಬಾಯಿಗೆ ಹೋಗಬೇಕು. ಆಮೇಲೆ ಕೆಲಸದವರ ಕೈಗೆ, ಆಮೇಲೆ ಮೀನಿಗೆ.

ಮೊದಲು ಬಂದದ್ದು ಹೊಗೆಸೊಪ್ಪು. ಶಂಕರನಾರಾಯಣ ಊರಿನ ಕಡೆಯ ತೋಟದವರು ಹೊಗೆಸೊಪ್ಪು ನೆನೆಸಿದ ನೀರನ್ನು ಗಿಡಕ್ಕೆ ಹೊಡೆದು ಹುಳ ಕೊಲ್ಲುತ್ತಾರೆ ಎಂದು ಯಾರೋ ಹೇಳಿದರು. ಗಿಡದಿಂದ ಬಂದದ್ದಲ್ಲವೇ, ದಿನವೂ ಜನ ಬಾಯಲ್ಲಿಟ್ಟು ಜಗಿಯುವುದಲ್ಲವೇ, ಇದಕ್ಕಿಂತ ಸಾಧು ವಸ್ತು ಬೇರೆ ಯಾವುದು? ಅತ್ತೆ ಒಂದು ಕಟ್ಟು ಹೊಗೆಸೊಪ್ಪನ್ನು ಕಪ್ಪಗಾಗುವಷ್ಟು ಕುದಿಸಿ, ಒಂದು ಗುಟುಕು ಬಾಯಿಗೆ ಹಾಕಿಕೊಂಡರು. ಹಾಕಿಕೊಂಡವರು ಹಾಗೆಯೇ ಮೆಲ್ಲಗೆ ಮರಳ ಮೇಲೆ ಕೂತರು. ಕೂತವರು ಮಲಗಿದರು. ನಾವೆಲ್ಲ ಎದೆ ಬಡಿದುಕೊಂಡು ಸುತ್ತ ಸೇರಿದೆವು.

"ಹೆಣ್ಣೇ, ಕಡ್ಲ್ ಎಂತಕೆ ಮೇಲ್ ಹೋಯ್ತ್?" ಎಂದು ಕೇಳಿದರು.

ಮಜ್ಜಿಗೆ ಕುಡಿಸಿ, ಕಕ್ಕಿಸಿ, ಸಂಜೆಯ ಹೊತ್ತಿಗೆ ಕಡಲನ್ನು ಕೆಳಗಿಳಿಸಿದೆವು. ಎದ್ದು ಕೂತವರು ಮೊದಲು ಹೇಳಿದ್ದು, "ನೊಣ ಹ್ವಾಪುದ್ ಖಂಡಿತ. ಆರೆ ಇದ್ ಪುಡಿಗಿಂತ ದೊಡ್ಡ್ ರಾಕ್ಷಸ. ಚೆಲ್ಲಿ!" ಒಂದು ವಿಷವನ್ನು ಓಡಿಸಲು ಹೋಗಿ ಇನ್ನೊಂದನ್ನು ಮಣೆ ಹಾಕಿ ಕರೆಯಬಹುದು ಎಂಬುದು ಆ ದಿನ ನಮಗೆಲ್ಲ ತಿಳಿಯಿತು. ಗಿಡದ್ದು ಎಂದರೆ ಗುಣದ್ದು ಎಂಬ ನನ್ನ ನಂಬಿಕೆಯೂ ಅವತ್ತೇ ಹೋಯಿತು.

ಆಮೇಲೆ ಕರ್ಪೂರ. ಅತ್ತೆ ನೆಕ್ಕಿದರು, "ಬಾಯಿ ತಂಪ್ ಆತ್ತ್" ಎಂದರು, ಪುಡಿ ಮಾಡಿ ಒಂದು ಬುಟ್ಟಿ ಮೀನಿಗೆ ಬೆರೆಸಿದರು. ನೊಣ ಹತ್ತಿರ ಸುಳಿಯಲಿಲ್ಲ. ಅತ್ತೆ ಗೆದ್ದೆನೆಂದು ಕುಣಿದು, ಆ ಬುಟ್ಟಿಯನ್ನು ಪದ್ದಕ್ಕನ ತಲೆಯ ಮೇಲಿಟ್ಟು ಕೋಟೇಶ್ವರದ ಸಂತೆಗೆ ಕಳಿಸಿದರು. ಪದ್ದಕ್ಕ ಹೋದ ಬುಟ್ಟಿಯನ್ನು ಹೋದ ಹಾಗೆಯೇ ವಾಪಸು ತಂದಳು. ಕೊಳ್ಳಲು ಬಂದ ಹೆಂಗಸೊಬ್ಬಳು ಮೀನು ಮೂಸಿ ನೋಡಿ ಕೇಳಿದಳಂತೆ: "ಇದ್ರನ್ನ ಸಾರ್ ಮಾಡೂದಾ, ಆರತಿ ಎತ್ತೂದಾ?"

ಆ ಬುಟ್ಟಿಯ ಮೀನು ಕೊನೆಗೆ ನಮ್ಮ ಮನೆಯಲ್ಲೇ ಖರ್ಚಾಯಿತು. ಎಷ್ಟೋ ದಿನ ಊಟಕ್ಕೆ ಕೂತರೆ ಕೈ ತಾನಾಗಿಯೇ ಮುಗಿಯುತ್ತಿತ್ತು.

ಮೂರನೆಯದು ಹೇಳಲು ನನಗೆ ಇಂದಿಗೂ ಧೈರ್ಯ ಸಾಲದು. ಉಪ್ಪು ನೀರಿನ ತೊಟ್ಟಿಗಳ ಜಿಡ್ಡು ತೆಗೆಯಲು ಬಂಡಸಾಲೆಯಲ್ಲಿ ಕಾಸ್ಟಿಕ್ ಸೋಡ ಇರುತ್ತಿತ್ತು. ಅದನ್ನು ಮುಟ್ಟಿ ಕೆಲಸದವರ ಬೆರಳ ತುದಿಗಳು ಸುಲಿದುಹೋಗಿದ್ದವು. ಹಿಂದಿನಿಂದ ಇದ್ದ ವಸ್ತು, ಯಾರೂ ಅದರ ಬಗ್ಗೆ ಯೋಚಿಸಿರಲಿಲ್ಲ. ಪುಡಿಯನ್ನು ಹೊರಗೆ ಹಾಕಿದ ಮೇಲೆ ಅತ್ತೆಗೆ ಇದರ ಮೇಲೂ ಅನುಮಾನ ಬಂತು. ಅನುಮಾನ ಬಂದರೆ ಏನು ಮಾಡುತ್ತಾರೆ ಎಂದು ನಿಮಗೆ ಈಗಾಗಲೇ ಗೊತ್ತು. ನಾನು "ಬ್ಯಾಡ ಅತ್ತೆ!" ಎಂದು ಕೂಗಿ ಓಡಿದೆ. ನಾನು ಮುಟ್ಟುವಷ್ಟರಲ್ಲಿ ನಾಲಿಗೆ ಹೊರಗೆ ಬಂದು ಒಳಗೆ ಹೋಗಿಯೂ ಆಗಿತ್ತು.

ಅವರ ಕಣ್ಣಿಂದ ನೀರು ಸುರಿಯಿತು, ಬಾಯಿಂದ ಮಾತು ಹೊರಡಲಿಲ್ಲ. ಮಾತು ಹೊರಡದ ಅತ್ತೆಯನ್ನು ಕಂಡು ಇಡೀ ಕೇರಿ ಹೆದರಿತು. ದೋಣಿಯಲ್ಲಿ ಹೊಳೆ ದಾಟಿಸಿ ಪೇಟೆಯ ಡಾಕ್ಟರ ಹತ್ತಿರ ಒಯ್ದೆ. ಡಾಕ್ಟರು ಸುಟ್ಟ ನಾಲಿಗೆ ನೋಡಿದರು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದರು.

"ನೀನು ಯಾರಮ್ಮ ಇವರಿಗೆ?"

"ಸೊಸೆ," ಎಂದೆ.

"ಓಹೋ," ಎಂದರು ಡಾಕ್ಟರು. ಆ ಒಂದು ಓಹೋದಲ್ಲಿ ನನ್ನ ಮೇಲೆ ಮೊಕದ್ದಮೆ, ಸಾಕ್ಷಿ, ಶಿಕ್ಷೆ ಎಲ್ಲ ಮುಗಿದುಹೋಗಿತ್ತು! ಅತ್ತೆ ಬಾಯಿ ಬಾರದೆ ಕೈಸನ್ನೆಯಲ್ಲಿ ನನ್ನ ಕಡೆ ತೋರಿಸಿ, ತಮ್ಮ ನಾಲಿಗೆ ತೋರಿಸಿ, ಇವಳು ತಡೆದಳು ಎಂದು ಹೇಳಲು ಹೊರಟರು. ಡಾಕ್ಟರಿಗೆ ಅದು ಇವಳೇ ಕೊಟ್ಟಳು ಎಂದು ಕಂಡಿತು. ನನ್ನ ಗಂಡ ಬಂದು ಎರಡು ಮಾತಾಡುವವರೆಗೆ ನಾನು ಆ ಬೆಂಚಿನ ಮೇಲೆ ಅಪರಾಧಿಯಾಗಿಯೇ ಕೂತಿದ್ದೆ. ಅಲ್ಲಿಂದ ಮುಂದೆ ತೊಟ್ಟಿ ತೊಳೆಯಲು ಒಲೆಯ ಬೂದಿ ಮತ್ತು ಅಂಟುವಾಳದ ಕಾಯಿ ಬಂದವು. ಉಜ್ಜಲು ಹೊತ್ತು ಹೆಚ್ಚು ಬೇಕು, ಆದರೆ ಬೆರಳು ಸುಲಿಯುವುದು ನಿಂತಿತು.

ನಾಲಿಗೆ ಮಾಯುವವರೆಗೆ ಅತ್ತೆ ತಣ್ಣನೆಯ ಗಂಜಿ ತಿಳಿ ಕುಡಿಯುತ್ತಾ ಬಂಡಸಾಲೆಯ ಬಾಗಿಲಲ್ಲಿ ಸುಮ್ಮನೆ ಕೂತಿರುತ್ತಿದ್ದರು. ಬಾಯಿ ಕಟ್ಟಿದ್ದಕ್ಕೋ ಏನೋ, ಕಣ್ಣು ಚುರುಕಾಯಿತು. ಬೇಲಿಗೆ ಒಣಹಾಕಿದ್ದ ಹರಕು ಬಲೆಯ ಮೇಲೆ ಕಾಗೆ ಎತ್ತಿ ಬೀಳಿಸಿದ ಒಂದಿಷ್ಟು ಮೀನು ಬಿದ್ದಿತ್ತು. ಮರಳ ಮೇಲಿನ ಮೀನಿಗೆ ಹುಳ ಬಿದ್ದಿದ್ದರೂ ಅದಕ್ಕೆ ಬಿದ್ದಿರಲಿಲ್ಲ. ಕೆಳಗಿನಿಂದಲೂ ಗಾಳಿಯಾಡಿ ಅದು ಬೇಗ ಒಣಗಿತ್ತು. ಅತ್ತೆ ಅದನ್ನು ಎತ್ತಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಮಾತು ಬಂದ ಮೇಲೆ ಹೇಳಿದ ಮೊದಲ ಮಾತು ಇದು:

"ನಾವ್ ಮರುಳ್ರಂಗೆ ಹೊಸ ಪುಡಿ ಹುಡ್ಕಿಯೇ ಹುಡ್ಕಿಯೇ ಸಾಯ್ತಿತ್. ಪುಡಿಯೇ ಬ್ಯಾಡದಂಗೆ ಮಾಡುಕಾಗ್ದಾ?"

ಊರಿನ ಹಳೆಯ ಬಲೆಗಳೆಲ್ಲ ಬಂಡಸಾಲೆಗೆ ಬಂದವು. ಗೂಟ ನೆಟ್ಟು, ಬಲೆ ಬಿಗಿದು, ಮೀನನ್ನು ಮರಳಿಂದ ಮೇಲೆತ್ತಿದರು. ಮೀನು ಬಂದ ಕೂಡಲೇ ಸೀಳಿ ತೊಳೆಯಬೇಕು, ದಪ್ಪ ಉಪ್ಪುನೀರಿನಲ್ಲಿ ನೆನೆಸಬೇಕು, ಮೂಟೆಯ ಪದರಗಳ ನಡುವೆ ಕಹಿಬೇವು, ಲಕ್ಕಿ ಗಿಡದ ಸೊಪ್ಪು ಒಣಗಿಸಿ ಹಾಕಬೇಕು ಎಂದು ಕಟ್ಟು ಮಾಡಿದರು. ಪುಡಿ ಬಂದ ಮೇಲೆ ಎಲ್ಲರ ಕೈ ಉಪ್ಪು ಹಾಕುವುದರಲ್ಲಿ ಬಿಗಿಯಾಗಿತ್ತು, ತೊಳೆಯುವುದರಲ್ಲಿ ಸೋಮಾರಿಯಾಗಿತ್ತು. ಈಗ ಎಲ್ಲವೂ ನಿಂತದ್ದು ಉಪ್ಪುನೀರಿನ ಹದದ ಮೇಲೆ. ಕಡಿಮೆಯಾದರೆ ಹುಳ, ಹೆಚ್ಚಾದರೆ ಮೀನು ಕಲ್ಲು. ಮೊಟ್ಟೆ ತೇಲಿಸಿ ಹದ ನೋಡುವ ಕ್ರಮ ಇತ್ತು, ಆದರೆ ಮೊಟ್ಟೆ ಇಡುವವರ ಸಂತಾನವನ್ನೇ ಪುಡಿ ಮುಗಿಸಿತ್ತಲ್ಲ! ಉಳಿದದ್ದು ನಾಲಿಗೆ.

ಆ ಹೊತ್ತಿಗೆ ನಾನು ಬಸುರಿಯಾದೆ. "ನೀನ್ ಬಂಡಸಾಲಿ ಬದಿಗೆ ಬಪ್ಪುದ್ ಬ್ಯಾಡ," ಎಂದರು ಅತ್ತೆ. ಅಬ್ಬಾ, ಎಂಥ ಕರುಣೆ ಎಂದುಕೊಂಡೆ. ಮರುದಿನ ಬೆಳಿಗ್ಗೆ ಬಚ್ಚಲ ಹತ್ತಿರ ಓಕರಿಸುತ್ತಾ ಕೂತಿದ್ದೇನೆ, ಅತ್ತೆ ತೆಂಗಿನ ಗರಟೆಯಲ್ಲಿ ಏನೋ ಹಿಡಿದು ಬಂದರು. ಕಷಾಯವೇನೋ ಎಂದು ಕೈ ಚಾಚಿದರೆ, ತೊಟ್ಟಿಯ ಉಪ್ಪುನೀರು!

"ನಾಲ್ಗಿಗೆ ಮುಟ್ಸ್, ಉಗಿ, ಸಾಕಾ ಸಾಲ್ದಾ ಹೇಳ್."

ನಾನು ಅವರ ಮುಖವನ್ನೇ ನೋಡಿದೆ. ತಮಾಷೆಯಿರಲಿಲ್ಲ. ಬಸುರಿಯರಿಗೆ ಮಾವಿನಕಾಯಿ, ಹುಣಿಸೆಹಣ್ಣು ತಂದುಕೊಡುವ ಅತ್ತೆಯರಿರುತ್ತಾರೆ, ನನಗೆ ಸಿಕ್ಕಿದ್ದು ಇದು! ಮೊದಲ ದಿನ ಸಿಟ್ಟಿನಿಂದ, "ಸಾಲ್ದ್! ಕಡ್ಲ್ ನೀರೇ ಇದ್ಕಿಂತ ಗಟ್ಟಿ" ಎಂದೆ. ಅತ್ತೆ ಸರಸರನೆ ಹೋಗಿ ಉಪ್ಪು ಸುರಿಸಿ ಮತ್ತೆ ಗರಟೆ ತಂದರು. ಹೀಗೆ ಮೀನು ಬಂದ ದಿನವೆಲ್ಲ ಬೆಳಿಗ್ಗೆ ಗರಟೆ. ನನ್ನನ್ನು ನೋಡಲು ತೆಕ್ಕಟ್ಟೆಯಿಂದ ಬಂದ ನನ್ನ ಅಮ್ಮ ಇದನ್ನು ಕಂಡು ಎದೆಯ ಮೇಲೆ ಕೈಯಿಟ್ಟುಕೊಂಡಳು.

"ಬಸ್ರಿ ಹೆಣ್ಣಿಗ್ ಉಪ್ಪ್ನೀರಾ? ನಿಮ್ಗೆ ನಾಲ್ಗಿ ಇಲ್ಯಾ?" ಎಂದು ಕೇಳಿಯೇಬಿಟ್ಟಳು.

"ನಿಮ್ ಮಗಳ್ ನಾಲ್ಗಿ ಭಾರಿ ಲಾಯ್ಕಿತ್ತ್," ಎಂದರು ಅತ್ತೆ. ನನ್ನ ಎದುರುತ್ತರಗಳ ಬಗ್ಗೆ ಚುಚ್ಚಿದರೆಂದು ತಿಳಿದು ಅಮ್ಮ ಆ ದಿನವೇ ಬಸ್ಸು ಹತ್ತಿದಳು.

ಮಳೆ ಹಿಡಿಯಿತು. ಬಂಡಸಾಲೆಯಲ್ಲಿ ಮೂಟೆಗಳ ಸಾಲು. ಪದ್ದಕ್ಕನೂ ಜೊತೆಯವರೂ ದಿನವೂ ಬಂದು ಮೂಟೆಗಳಿಗೆ ಕಿವಿಯಿಟ್ಟು ಹೋಗುತ್ತಿದ್ದರು, ಹುಳದ ಸದ್ದು ಕೇಳುತ್ತದೆಯೇನೋ ಎಂಬಂತೆ. ಪದ್ದಕ್ಕನ ಕಣ್ಣುಗಳು ತಿಳಿಯಾಗಿದ್ದವು, ತಲೆ ತಿರುಗುವುದು ನಿಂತಿತ್ತು. ಆದರೆ ಕೆಲಸವೇ ಉಳಿಯದಿದ್ದರೆ ಆ ಕಣ್ಣುಗಳಿಂದ ಏನು ನೋಡುವುದು? ಮಳೆಯ ಕೊನೆಗೆ ನನಗೆ ಹೆಣ್ಣುಮಗು ಹುಟ್ಟಿತು. ಮಗು ಹುಟ್ಟಿದ ಸಂತೋಷದ ನಡುವೆಯೂ ಎಲ್ಲರ ಕಿವಿ ಲಾರಿಯ ಸದ್ದಿನ ಕಡೆಗೇ ಇತ್ತು.

ಸಾಹುಕಾರರು ಬಂದರು. ಕೈಯಲ್ಲಿ ಊಟದ ಕ್ಯಾರಿಯರ್! ನಮ್ಮ ಮನೆಯ ಅನ್ನದ ಮೇಲಿನ ಅವರ ವಿಶ್ವಾಸ ಆ ಮಟ್ಟದ್ದು. ಬಂಡಸಾಲೆಯ ಬಾಗಿಲಲ್ಲೇ ಕೂತು ತಂದದ್ದನ್ನು ಉಂಡು, ಕೈ ತೊಳೆದು, "ಬಿಚ್ಚಿ" ಎಂದರು. ಮೂಟೆಗಳನ್ನು ಬಿಚ್ಚಿದರು. ಮೀನನ್ನು ಕೊಡವಿದರು, ಮುರಿದರು, ಮೂಸಿದರು. ನಾನು ಮಗುವನ್ನು ಎದೆಗವಚಿಕೊಂಡು ದೂರದಲ್ಲಿ ನಿಂತಿದ್ದೆ.

"ಇಗೋ! ಹುಳ!" ಎಂದು ಸಾಹುಕಾರರು ಕೂಗಿದರು.

ಪದ್ದಕ್ಕ ಅಲ್ಲೇ ಕುಸಿದು ಕೂತಳು. ಸಾಹುಕಾರರ ಬೆರಳ ತುದಿಯಲ್ಲಿ ಬೆಳ್ಳಗಿನ ಏನೋ ಇತ್ತು. ನನ್ನ ಗಂಡ ಹತ್ತಿರ ಹೋಗಿ ಬಗ್ಗಿ ನೋಡಿ ಹೇಳಿದರು, "ಅನ್ನದ್ ಅಗ್ಳ್." ಸಾಹುಕಾರರ ಅಂಗಿಯ ತೋಳಿನಲ್ಲಿ ಅದರ ಅಣ್ಣತಮ್ಮಂದಿರು ಇನ್ನೂ ಅಂಟಿಕೊಂಡಿದ್ದರು!

ಕೊನೆಯ ಮೂಟೆಯವರೆಗೂ ಹುಳ ಸಿಗಲಿಲ್ಲ. ಸಾಹುಕಾರರು ಬೆವರು ಒರೆಸಿಕೊಂಡು, "ಒಯ್ಯುತ್ತೇನಮ್ಮ. ಮುಂದಿನ ಸಲವೂ ಹೀಗೇ ಕೊಡಿ," ಎಂದರು. ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಸಂತೋಷಕ್ಕೆ ಒಂದು ಲೋಟ ಕಾಫಿಯಾದರೂ ಕುಡಿಯಬೇಕೆಂದು ನಾನು ಸಾಹುಕಾರರನ್ನು ಒತ್ತಾಯಿಸಿದೆ. ಅವರು ಬಹಳ ಯೋಚಿಸಿ, "ಕಾಫಿ ಆಗಬಹುದು," ಎಂದು ಒಪ್ಪಿದರು. ಅತ್ತೆಗೂ ಅವರಿಗೂ ಒಂದೊಂದು ಲೋಟ ತಂದಿಟ್ಟೆ.

ಸಾಹುಕಾರರು ಒಂದು ಗುಟುಕು ಕುಡಿದರು. ಅವರ ಕಣ್ಣು ಹೊರಗೆ ಬಂದವು. ಲೋಟ ಎಸೆದು, ಗಂಟಲು ಹಿಡಿದುಕೊಂಡು, "ಅಯ್ಯೋ, ಮತ್ತೆ ಹಾಕಿದಳಪ್ಪಾ!" ಎಂದು ಅಂಗಳಕ್ಕೆ ಹಾರಿದರು. ನಾನು ಗಾಬರಿಯಿಂದ ಚೆಲ್ಲಿದ ಕಾಫಿಗೆ ಬೆರಳದ್ದಿ ನೆಕ್ಕಿದೆ. ನೋಡಿ, ಆ ಮನೆಯ ಅಭ್ಯಾಸ ನನಗೂ ಬಂದಿತ್ತು! ಬಾಯೆಲ್ಲ ಉಪ್ಪು. ಮಗುವಿನಿಂದಾಗಿ ನಿದ್ದೆಗೆಟ್ಟಿದ್ದೆ, ಸಕ್ಕರೆಯ ಭರಣಿಯೆಂದು ಕುಟ್ಟಿದ ಉಪ್ಪಿನ ಭರಣಿಗೆ ಕೈ ಹಾಕಿದ್ದೆ.

ಅತ್ತೆಯ ಲೋಟವನ್ನಾದರೂ ತಡೆಯಬೇಕೆಂದು ತಿರುಗಿದೆ. ಅತ್ತೆ ಅಷ್ಟರಲ್ಲಿ ಕೊನೆಯ ಗುಟುಕನ್ನೂ ಕುಡಿದು, ಲೋಟ ಕೆಳಗಿಟ್ಟು, ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದರು.

"ಲಾಯ್ಕ್ ಆಯ್ತ್ ಕಾಪಿ," ಎಂದರು.

ಆ ಮನೆಯಲ್ಲಿ ನಾನು ಎಷ್ಟೋ ಸಲ ಬೆಚ್ಚಿಬಿದ್ದಿದ್ದೇನೆ. ಅಷ್ಟೆಲ್ಲ ಸೇರಿದರೂ ಈ ಒಂದಕ್ಕೆ ಸಮವಲ್ಲ. ಸಾಹುಕಾರರನ್ನು ಸಮಾಧಾನ ಮಾಡಿ ಕಳಿಸಿದ ಮೇಲೆ ಒಳಗೆ ಬಂದು ಅತ್ತೆಯ ಎದುರು ಕೂತೆ.

"ಯಾವಾಗಿಂದ ಅತ್ತೆ?" ಎಂದೆ.

ಅವರಿಗೆ ನಾನು ಕೇಳಿದ್ದು ತಿಳಿಯಿತು. ಮಗುವಿನ ಕಾಲು ಸವರಿದರು. "ಡಾಕ್ಟ್ರ್ ಹತ್ರ ಹೋಯ್ ಬಂದ್ ಮೇಲೆ ರುಚಿ ಬಾರ್ಲೇ ಇಲ್ಲ. ಯಾವ್ದ್ ತಿಂದ್ ಹೋಯ್ತೋ ಯಾರಿಗ್ ಗೊತ್ತ್, ತಿಂದದ್ದ್ ಒಂದಾ ಎರಡಾ!" ಎಂದು ನಕ್ಕರು.

"ಎಂತಕೆ ಹೇಳ್ಲಿಲ್ಲ?"

"ಹೇಳ್ರೆ ಪದ್ದಕ್ಕ ಹೆದರ್ತಿತ್ತ್. ಇನ್ ಹದ ಕಾಂಬರ್ ಯಾರ್ ಅಂದೇಳಿ ಎಲ್ಲರೂ ಪುಡಿ ಬದಿಗೇ ಓಡ್ತಿದ್ರ್. ನಿನ್ ನಾಲ್ಗಿ ಇತ್ತಲೆ ಅಂದೇಳಿ ನಾನ್ ಧೈರ್ಯ ಮಾಡ್ದೆ."

ಇವರು ನನ್ನನ್ನು ಪೀಡಿಸುತ್ತಿದ್ದಾರೆಂದು ನಾನು ಶಪಿಸಿದ ಬೆಳಗುಗಳಲ್ಲೆಲ್ಲ ಇಡೀ ಬಂಡಸಾಲೆಯನ್ನು ಆ ಗರಟೆಯಲ್ಲಿಟ್ಟು ನನ್ನ ಕೈಗೆ ಕೊಟ್ಟಿದ್ದರು. ನಾನು ಅತ್ತುಬಿಟ್ಟೆ. ಅತ್ತೆಗೆ ಅಳು ಸೇರುವುದಿಲ್ಲ, ಎದ್ದು ಹೋದರು. ಲಾರಿಗೆ ಹೋಗದೆ ಮನೆಗೆಂದು ಉಳಿಸಿಕೊಂಡ ಮೀನಿನಲ್ಲಿ ಒಂದು ಬಂಗುಡೆ ತಂದು, ಒಲೆಯ ಕೆಂಡದ ಮೇಲೆ ತಾವೇ ಸುಟ್ಟು, ತೆಂಗಿನೆಣ್ಣೆ ಸವರಿ, ತಟ್ಟೆಯಲ್ಲಿಟ್ಟು ನನ್ನ ಮುಂದೆ ತಳ್ಳಿದರು.

"ನೀನ್ ತಿನ್. ಹ್ಯಾಂಗಿತ್ತ್ ಅಂದೇಳಿ ನಂಗ್ ಹೇಳ್."

ನಾನು ಒಂದು ಚೂರು ಮುರಿದು ಬಾಯಿಗಿಟ್ಟೆ. ಅತ್ತೆ ಕಣ್ಣು ಮುಚ್ಚಿಕೊಂಡರು. ಮೊದಲು ಉಪ್ಪು ಸಿಗುತ್ತದೆ ಎಂದೆ. ಆಮೇಲೆ ಕೆಂಡದ ಘಮ ಎಂದೆ. ಅಗಿದಷ್ಟೂ ರಸ ಬಿಡುತ್ತದೆ ಎಂದೆ. ಅವರು ಒಂದೊಂದಕ್ಕೂ ತಲೆಯಾಡಿಸುತ್ತಾ ಹೋದರು.

"ಮುಳ್ಳಿನ್ ಬದಿಗೆ ಕಡೀಗ್ ಒಂಚೂರ್ ಸಿಹಿ ಇತ್ತಾ?"

"ಇತ್ತ್ ಅತ್ತೆ."

"ಹಾಂಗಾರೆ ಸಮ ಆಯ್ತ್," ಎಂದು ಅತ್ತೆ ಕಣ್ಣು ಮುಚ್ಚಿಕೊಂಡೇ ಖಾಲಿ ಬಾಯಿ ಚಪ್ಪರಿಸಿದರು.